ಕುಲಕ್ಕೊಂದು ಸ್ವಭಾವವೆ?

“ತೆಲುಗರು ಖಾರದವರು, ಕನ್ನಡಿಗರು ಸಾಧುಗಳು, ಮಾರವಾಡಿಗಳು ಜಿಪುಣರು, ಲಂಬಾಣಿಗಳಿಗೆ ಕುಣಿತ ಹುಟ್ಟಿನಿಂದಲೇ ಬಂದದ್ದು.” ಇಂತಹ ಮಾತುಗಳು ನಮ್ಮ ಗಡಿನಾಡಿನ ಅಂಗಡಿಕಟ್ಟೆಗಳಲ್ಲಿ ಮಾತ್ರವಲ್ಲದೆ ಉಪಾಧ್ಯಾಯರ ಕೊಠಡಿಗಳಲ್ಲಿಯೂ ಕೇಳಿಬರುತ್ತವೆ. ಯಾರಾದರೂ ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿರುತ್ತದೆ: “ಇದರಲ್ಲಿ ದ್ವೇಷವೇನಿದೆ? ತಮಾಷೆಯ ಮಾತು. ಇದನ್ನೂ ಜನಾಂಗಭೇದವೆಂದರೆ ಬಾಯಿ ಬಿಡುವುದೇ ಕಷ್ಟವಾದೀತು.” ಈ ಉತ್ತರವನ್ನು ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರತಿಪಕ್ಷದವರಿಗೆ ಸಲ್ಲತಕ್ಕುದನ್ನು ಸಲ್ಲಿಸಿಬಿಡೋಣ. ಒಂದು ಗುಂಪಿನ ವಿಷಯವಾಗಿ ಆಡಿದ ಮಾತೆಲ್ಲವೂ ಜನಾಂಗಭೇದವಲ್ಲ. ರಾಯದುರ್ಗದಲ್ಲಿ ಸಿದ್ಧ ಉಡುಪು ಹೊಲಿದು ಬದುಕುವವರು ಬಹುಮಂದಿ ಎಂದರೆ ಅದು ಜೀವನೋಪಾಯದ ಮಾತು. ಎಣಿಸಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ನಾಳೆ ಕಸುಬು ಬದಲಾದರೆ ಮಾತೂ ಬದಲಾಗುತ್ತದೆ. ಜಿಪುಣತನವೋ ಸಾಧುತನವೋ ಒಬ್ಬನ ಹುಟ್ಟಿಗೇ ಅಂಟಿಕೊಂಡಿದೆಯೆಂದು ಹೇಳುವುದಾದರೋ ಬೇರೆ ಸಂಗತಿ. ಅಲ್ಲಿ ಎಣಿಕೆಯೂ ಇಲ್ಲ, ತಿದ್ದುಪಡಿಯೂ ಇಲ್ಲ. ಉದಾರಿಯಾದ ಮಾರವಾಡಿಯೊಬ್ಬನು ಎದುರಾದರೆ “ಅವನೊಬ್ಬ ಬೇರೆ ತರಹ” ಎನ್ನುವರೇ ಹೊರತು, ಆಡಿದ ಮಾತನ್ನು ಯಾರೂ ಹಿಂತೆಗೆದುಕೊಳ್ಳರು. ಯಾವ ಸಾಕ್ಷ್ಯಕ್ಕೂ ಸೋಲದ ಮಾತನ್ನು ಅನುಭವದ ಮಾತೆಂದು ಕರೆಯುವುದು ಹೇಗೆ?

ಹುಟ್ಟಿಗೆ ಸ್ವಭಾವವನ್ನು ಕಟ್ಟುವುದು ಎಷ್ಟು ಹುರುಳಿಲ್ಲದ್ದೆಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು; ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು, ಉಳಿದವು ಮೈಸೂರಿಗೆ ಸೇರಿದವು. ಅಣ್ಣ ಆಚೆ, ತಮ್ಮ ಈಚೆ ಎಂಬಂತೆ ನೆಂಟರು ಎರಡು ರಾಜ್ಯಗಳವರಾದರು. ಆ ಒಂದು ರಾತ್ರಿಯಲ್ಲಿ ಅಣ್ಣನು ಸಾಧುವಾಗಿ, ತಮ್ಮನು ಕೋಪಿಷ್ಠನಾಗಿ ಎದ್ದನೆ? ಲಂಬಾಣಿಗಳನ್ನೇ ನೋಡಿರಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಆಂಧ್ರದಲ್ಲಿ ಸುಗಾಲಿಗಳೆಂಬ ಹೆಸರಿನಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಗಡಿಕಲ್ಲು ದಾಟಿದರೆ ಸರಕಾರದ ಪಟ್ಟಿಯೇ ಬದಲಾಗುತ್ತದೆ; ನಮ್ಮ ನಾಲಿಗೆಯ ಪಟ್ಟಿ ಮಾತ್ರ ಬದಲಾಗದು!

“ಆಗಲಿ, ಸುಳ್ಳೇ ಇರಲಿ, ಅದರಿಂದ ಕೇಡೇನು?” ಎಂದು ಕೇಳುವವರುಂಟು. ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ ಎಂಬುದಕ್ಕಿಂತ ನಿರಪಾಯವಾದ ಮಾತು ಯಾವುದಿದ್ದೀತು? 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಾಗ ಮುಂದಿಟ್ಟ ವಾದ ಇದೇ ಆಗಿತ್ತು: ಈ ದೇಶದಲ್ಲಿ ಕಸುಬು ಕುಲದಿಂದ ಬರುತ್ತದೆ, ಆದುದರಿಂದ ಕಳವೂ ಕುಲದಿಂದ ಬರುತ್ತದೆ. 1911ರ ಕಾಯಿದೆಯಿಂದ ಅದು ಮದರಾಸು ಪ್ರಾಂತಕ್ಕೂ ವ್ಯಾಪಿಸಿತು. ನಮ್ಮವರು ಕೊರಚರೆಂದೂ ತೆಲುಗರು ಎರುಕಲರೆಂದೂ ಕರೆಯುವ ಜನರು ಅದಕ್ಕೆ ಗುರಿಯಾದರು. ಅವರ ಪೂರ್ವಿಕರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು. ಉಪ್ಪಿನ ಮೇಲೆ ಸರಕಾರ ಹಿಡಿದ ಹಿಡಿತವೂ ರೈಲು ದಾರಿಯೂ ಆ ವ್ಯಾಪಾರವನ್ನು ಕೆಡಿಸಿದವು. ವ್ಯಾಪಾರ ಹೋದಮೇಲೆ ಉಳಿದ ಅಲೆದಾಟವೇ ಅಪರಾಧದ ಗುರುತೆನಿಸಿತು. ದಾಖಲೆಯಲ್ಲಿ ಹೆಸರು, ಬೆರಳಚ್ಚು, ಪೊಲೀಸರ ಮುಂದೆ ಹಾಜರಿ—ಕದ್ದವನಿಗೂ ಅದೇ, ಜನ್ಮದಲ್ಲಿ ಕದಿಯದವನಿಗೂ ಅದೇ. 1913ರಲ್ಲಿ ಗುಂಟೂರು ಜಿಲ್ಲೆಯಲ್ಲಿ ಅವರಿಗಾಗಿ ಸ್ಟುವರ್ಟ್‌ಪುರಂ ಎಂಬ ವಸಾಹತೇ ಎದ್ದಿತು.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಾಯಿದೆಯನ್ನು ತೆಗೆದುಹಾಕಿತು. ಕಾಯಿದೆ ಹೋಯಿತು, ಮಾತು ಹೋಗಲಿಲ್ಲ. ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳ ಸಾಲಿಗೆ ಸೇರಿಸುವ ವಿಧಿಗಳು ಹಲವು ರಾಜ್ಯಗಳ ಕಾರಾಗೃಹ ನಿಯಮಾವಳಿಗಳಲ್ಲಿ ಉಳಿದೇ ಇದ್ದವು. ಅವನ್ನು ರದ್ದುಪಡಿಸಲು 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಕಾಯಿದೆ ಸತ್ತು 72 ವರ್ಷಗಳಾದ ಮೇಲೆ!

“ಅದು ನಿಂದೆ, ನಾವು ಆಡುವುದು ಹೊಗಳಿಕೆ” ಎಂಬುದು ಕೊನೆಯ ವಾದ. ಹೊಗಳಿಕೆಯ ಫಲವನ್ನೂ ನೋಡೋಣ. ಲಂಬಾಣಿ ಬಾಲಿಕೆಗೆ ಕುಣಿತ ಸಹಜವೆಂದು ನಂಬಿದ ಉಪಾಧ್ಯಾಯನು ವಾರ್ಷಿಕೋತ್ಸವದಲ್ಲಿ ಅವಳನ್ನು ಕುಣಿತಕ್ಕೆ ಕರೆಯುತ್ತಾನೆ. ಪ್ರಬಂಧ ಸ್ಪರ್ಧೆಗೆ ಕರೆಯಲು ಅವನಿಗೆ ತೋಚುವುದೇ ಇಲ್ಲ. ಕನ್ನಡಿಗರು ಸಾಧುಗಳು, ಹೊಂದಿಕೊಂಡು ಹೋಗುವವರು ಎಂಬ ಹೊಗಳಿಕೆಗೆ ನಾವೇ ಹಿಗ್ಗುತ್ತೇವೆ. ಆದರೆ ಹೊಂದಿಕೊಳ್ಳುವವನೆಂದು ಹೆಸರಾದವನು ಪಠ್ಯಪುಸ್ತಕ ಬೇಕು, ಕನ್ನಡ ಬಲ್ಲ ಉಪಾಧ್ಯಾಯ ಬೇಕು ಎಂದು ಕೇಳಿದಾಗ ಅವನ ಸರದಿ ಎಲ್ಲರಿಗಿಂತ ಹಿಂದೆ ಬೀಳುತ್ತದೆ. ಅವನು ಹೇಗೂ ಸಹಿಸಿಕೊಳ್ಳುವವನಲ್ಲವೆ!

1965ರ ಡಿಸೆಂಬರ್ 21ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಜನಾಂಗಭೇದ ನಿರ್ಮೂಲನದ ಒಡಂಬಡಿಕೆಯು ಬಣ್ಣವನ್ನಷ್ಟೇ ಅಲ್ಲದೆ ಕುಲಮೂಲವನ್ನೂ ಹೆಸರಿಸಿದೆ. ಭೇದ ಮಾಡುವವನ ಉದ್ದೇಶವನ್ನಲ್ಲದೆ ಅದರಿಂದಾಗುವ ಪರಿಣಾಮವನ್ನೂ ಗಣಿಸಿದೆ. ಕಟ್ಟೆಯ ಮೇಲಿನ ಹರಟೆಯನ್ನು ಆ ಒಡಂಬಡಿಕೆ ಶಿಕ್ಷಿಸದು, ನಿಜ. ಆದರೆ ಉದ್ದೇಶ ಒಳ್ಳೆಯದಾಗಿತ್ತೆಂಬ ಮಾತ್ರಕ್ಕೆ ಮಾತು ನಿರಪಾಯವಾಗದೆಂಬ ನ್ಯಾಯವನ್ನು ಅದು ಎತ್ತಿ ಹಿಡಿದಿದೆ. ಇಂತಹ ಮಾತಾಡಿದವರೆಲ್ಲ ಜನಾಂಗದ್ವೇಷಿಗಳೆಂದು ನಾವು ಹೇಳುವುದಿಲ್ಲ. ಹುಟ್ಟಿನಿಂದ ಗುಣವನ್ನು ತೀರ್ಮಾನಿಸುವ ಮಾತು, ನಗುತ್ತ ಆಡಿದರೂ ಜನಾಂಗಭೇದದ ಮಾತೇ ಎಂದು ಹೇಳುತ್ತೇವೆ. ನಿರಪಾಯವೋ ಅಲ್ಲವೋ ಎಂಬ ಪ್ರಮಾಣಪತ್ರವನ್ನು ಕೊಡತಕ್ಕವನು ಆಡಿದವನಲ್ಲ, ಆಡಿಸಿಕೊಂಡವನು.

ಉಪಾಧ್ಯಾಯ ಬಂಧುಗಳೇ, ತರಗತಿಯಲ್ಲಿ ಒಂದು ಬಳಪ ಕಾಣೆಯಾದಾಗ ನಲವತ್ತು ಕಣ್ಣುಗಳು ಒಂದೇ ಮಗುವಿನತ್ತ ತಿರುಗಿದರೆ, ಆ ಕಣ್ಣುಗಳಿಗೆ ದಾರಿ ತೋರಿಸಿದವರು ದೊಡ್ಡವರಾದ ನಾವೇ. ಇದಕ್ಕೆ ಮದ್ದು ನಮ್ಮ ವ್ಯಾಕರಣ ಪಾಠದಲ್ಲಿಯೇ ಇದೆ. “ಅವರೆಲ್ಲ ಹೀಗೆಯೇ” ಎಂದು ವಿದ್ಯಾರ್ಥಿಯು ಬಹುವಚನದಲ್ಲಿ ಆರಂಭಿಸಿದರೆ, ಅವನನ್ನು ತಡೆದು ಕೇಳಿರಿ: ಯಾರು? ಎಂದು? ಏನು ಮಾಡಿದರು? ಏಕವಚನದಲ್ಲಿ ಉತ್ತರ ದೊರೆತರೆ ವಿಚಾರಿಸೋಣ. ದೊರೆಯದಿದ್ದರೆ ಆ ವಾಕ್ಯವನ್ನು ಹಲಗೆಯಿಂದ ಅಳಿಸಿಬಿಡೋಣ.