ನದಿ ಬಲಗಡೆಗಿರಲಿ

ಕಾಲ್ನಡಿಗೆಯ ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮ ಮಿತ್ರರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಎಂದು. ಎಷ್ಟು ಎತ್ತರ, ಎಷ್ಟು ದಿನ, ಬೆನ್ನಿನ ಮೇಲೆ ಎಷ್ಟು ಭಾರ ಎಂಬುವು ಆಮೇಲಿನ ಪ್ರಶ್ನೆಗಳು. ಯಾರ ಮನೆಯಲ್ಲಿ ಉಂಡಿರಿ ಎಂದು ಇದುವರೆಗೆ ಒಬ್ಬರೂ ಕೇಳಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಕಳೆದ ಚಳಿಗಾಲದ ರಜೆಯಲ್ಲಿ ನಾನೂ ಇಬ್ಬರು ಸಹಪಾಠಿಗಳೂ ಮಧ್ಯಪ್ರದೇಶದ ಓಂಕಾರೇಶ್ವರದಿಂದ ಬಡವಾನಿಯವರೆಗೆ ನರ್ಮದೆಯ ದಕ್ಷಿಣ ದಡದಲ್ಲಿ ನಡೆದೆವು. ಪೂರ್ಣ ಪರಿಕ್ರಮದ ಮುಂದೆ ಇದು ಅಂಗಳ ಸುತ್ತಿದಷ್ಟೇ ಸರಿ. ಅಮರಕಂಟಕದಿಂದ ಸಮುದ್ರದವರೆಗೆ ನದಿಯ ಉದ್ದ 1312 ಕಿಲೋಮೀಟರ್. ವಿಂಧ್ಯ ಸಾತ್ಪುಡಗಳ ನಡುವೆ ಒಂದು ದಡದಲ್ಲಿ ಇಳಿದು, ಇನ್ನೊಂದರಲ್ಲಿ ಏರಿ, ಹೊರಟಲ್ಲಿಗೇ ಮರಳಬೇಕು. ಸಂಪ್ರದಾಯದಂತೆ ಮಾಡುವವರಿಗೆ 3 ವರ್ಷ, 3 ತಿಂಗಳು, 13 ದಿನ. ನದಿ ಸದಾ ಬಲಗಡೆಗಿರಬೇಕು. ಸಮುದ್ರಸಂಗಮದ ಹೊರತು ಬೇರೆಲ್ಲಿಯೂ ಆಚೆ ದಡಕ್ಕೆ ಹೋಗಕೂಡದು. (ಹರ್ಷವರ್ಧನನಿಗೆ ಇದೇ ನದಿಯನ್ನು ದಾಟಗೊಡದ ಪುಲಕೇಶಿಯ ನಾಡಿನವರಾದ ನಮಗೆ ಈ ನಿಯಮ ಅಪರಿಚಿತವೇನಲ್ಲ!)

ನಾವು ವ್ರತ ಹಿಡಿದವರಲ್ಲ. ಆದರೂ ‘ನರ್ಮದೇ ಹರ್’ ಎಂದವರನ್ನೆಲ್ಲ ಆ ದಡದವರು ಪರಿಕ್ರಮದವರೆಂದೇ ತಿಳಿಯುತ್ತಾರೆ. ಒಂದು ಬೆಳಿಗ್ಗೆ ಒಬ್ಬ ಅಜ್ಜಿ ನಮ್ಮ ಮುಂದೆ ಮೊರದಲ್ಲಿ ಗೋಧಿಹಿಟ್ಟನ್ನೂ ಬೇಳೆಯನ್ನೂ ತಂದಿಟ್ಟಳು. ಹಣ ಕೊಡಹೋದರೆ ಬೇಸರಪಟ್ಟಳು. ಅಂದೇ ಸಂಜೆ ನಾವಡಾಟೋಲಿಗೆ ಬಂದಾಗ, ಎದುರು ದಡದಲ್ಲಿ ಅಹಲ್ಯಾಬಾಯಿ ಹೋಳ್ಕರಳ ಮಹೇಶ್ವರದ ಸೋಪಾನಗಳು ಕಣ್ಣಿಗೆ ಬಿದ್ದವು. ದೋಣಿ ಸಿದ್ಧವಾಗಿತ್ತು. ‘ಇಷ್ಟು ದೂರ ಬಂದು ನೋಡದೆ ಹೋಗುವುದೆ? ನಾವೇನು ಸನ್ಯಾಸಿಗಳೆ?’ ಎಂದ ಗೆಳೆಯ. ನನಗೂ ಆಸೆಯಿತ್ತು. ಆದರೆ ಅಜ್ಜಿಯ ಹಿಟ್ಟು ಇನ್ನೂ ಚೀಲದಲ್ಲಿತ್ತು. ಅದನ್ನು ಉಂಡು ದೋಣಿ ಹತ್ತುವುದು ಹೇಗೆ? ಮೂವರೂ ಜಗಳವಾಡಿ, ಕೊನೆಗೆ ಈಚೆ ದಡದಲ್ಲಿಯೇ ರೊಟ್ಟಿ ಸುಟ್ಟೆವು. ಮಹೇಶ್ವರವನ್ನು ನಾನು ಇಂದಿಗೂ ನೋಡಿಲ್ಲ.

ಜಬಲ್‌ಪುರದ ಚಿತ್ರಕಲಾವಿದ ಅಮೃತಲಾಲ್ ವೇಗಡ್ ಅವರು 1977ರಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಈ ನಡಿಗೆ ಆರಂಭಿಸಿ ಹಲವು ವರ್ಷ ತುಂಡುತುಂಡಾಗಿ ನಡೆದರು. ಅವರು ನಡೆದ ದಾರಿಯ ಎಷ್ಟೋ ಭಾಗ ಈಗ ನೀರಿನಡಿ ಇದೆ. ಇಂದಿರಾಸಾಗರಕ್ಕಾಗಿ 2004ರಲ್ಲಿ ಹರಸೂದ್ ಎಂಬ ಇಡೀ ಪಟ್ಟಣ ಖಾಲಿಯಾಯಿತು. 138.68 ಮೀಟರ್ ಎತ್ತರದ ಸರ್ದಾರ್ ಸರೋವರ 2019ರಲ್ಲಿ ಪೂರ್ತಿ ತುಂಬಿತು. ಬಡವಾನಿಯ ಆಚೆ ನಡೆಯುವವರು ಹಳೆಯ ದಡವನ್ನು ಬಿಟ್ಟು ಸಾತ್ಪುಡದ ಬೆಟ್ಟಗಳ ಮೇಲೆ ಸುತ್ತಿ ಹೋಗಬೇಕಾಗಿದೆ. ಬಡವಾನಿಯಲ್ಲಿ ನಮ್ಮನ್ನು ಮಲಗಿಸಿಕೊಂಡ ರೈತ ತನ್ನ ಹಳೆಯ ಊರನ್ನು ತೋರಿಸುತ್ತೇನೆಂದು ಕರೆದೊಯ್ದು, ನೀರಿನ ಕಡೆಗೆ ಕೈಮಾಡಿ ಒಂದೊಂದೇ ಮನೆಯ ಹೆಸರು ಹೇಳಿದ. ತನ್ನ ಜಗುಲಿಯಲ್ಲಿ ಎಷ್ಟು ಮಂದಿ ಪರಿಕ್ರಮದವರು ಮಲಗಿದ್ದರೆಂಬುದು ಅವನಿಗೆ ಹೆಮ್ಮೆ. ಹೊಸ ಮನೆಗೆ ಜಗುಲಿ ಇಲ್ಲವೆಂಬುದು ದುಃಖ.

ಅಣೆಕಟ್ಟಿನಿಂದ ಕಛ್ಛದವರೆಗೆ ನೀರು ಹೋಗಿದೆಯಲ್ಲ ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ನಿಜ. ಬಾಯಾರಿದವರಿಗೆ ನೀರು ಬೇಡವೆನ್ನಲು ನಾನು ಯಾರು? ನಾನು ಹೇಳುವುದು ನಡೆಯುವವರಾದ ನಮ್ಮ ವಿಷಯ. ದಾರಿಯೆಂದರೆ ಬೆಟ್ಟ, ನದಿ, ಸೂರ್ಯಾಸ್ತ ಎಂದು ಬರೆದು ಮುಗಿಸುತ್ತೇವೆ. ಹಿಟ್ಟು ಕೊಟ್ಟವರ ಊರು ಎಲ್ಲಿ ಹೋಯಿತೆಂದು ವಿಚಾರಿಸುವ ಋಣ ನಮಗಿಲ್ಲವೆ? ಡೇರೆ, ಒಲೆ, ಡಬ್ಬಿಯ ಆಹಾರ ಎಲ್ಲವನ್ನೂ ಹೊತ್ತು ನಡೆಯುವವನಿಗೆ ಯಾರ ಹಂಗೂ ಇಲ್ಲ, ಒಪ್ಪುತ್ತೇನೆ. ಆದ್ದರಿಂದಲೇ ಅವನಿಗೆ ಯಾರ ಪರಿಚಯವೂ ಇಲ್ಲ.

ನಮ್ಮ ಕಾಲೇಜಿನಲ್ಲಿ ನಡಿಗೆಯ ಸಂಘವೊಂದನ್ನು ಕಟ್ಟಿ, ಮೊದಲ ವರ್ಷದ ಚಂದಾದಲ್ಲಿ ಡೇರೆಗಳನ್ನು ಕೊಳ್ಳಬೇಕೆಂಬ ಸೂಚನೆ ಬಂದಿದೆ. ಸಂಘ ಬೇಕು, ನನ್ನ ಚಂದಾ ಕೊಡುತ್ತೇನೆ. ಡೇರೆಗೆ ಮಾತ್ರ ನನ್ನ ವಿರೋಧವಿದೆ. ಬರುವ ರಜೆಯಲ್ಲಿ ಬಡವಾನಿಯಿಂದ ಮುಂದಕ್ಕೆ, ಬೆಟ್ಟದ ಮೇಲಿನ ಹೊಸ ದಾರಿಯಲ್ಲಿ ನಾವು ಮೂವರು ಹೊರಡುವವರಿದ್ದೇವೆ. ಜೊತೆಗೆ ಬರುವವರು ಒಂದು ಕಂಬಳಿಯನ್ನೂ ಅಷ್ಟಿಷ್ಟು ಹಿಂದಿಯನ್ನೂ ತಂದರೆ ಸಾಕು.