ಕೊಂಡ ಗಣಕವೋ, ಕಟ್ಟಿದ ಗಣಕವೋ?



2025ರ ಕಾರ್ತಿಕ ಮಾಸದಲ್ಲಿ ಮೈಸೂರಿನ ಜಯಲಕ್ಷ್ಮಿಪುರಂನ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಪ್ರಸಾದ ಮುಗಿದು ಎಲೆ ಅಡಿಕೆಯ ಹೊತ್ತಿಗೆ ಆ ಮನೆಯ ವ್ಯಾಜ್ಯವೊಂದು ನಮ್ಮ ಮುಂದೆ ಬಂದಿತು. ಮನೆಯ ಹಳೆಯ ಗಣಕಯಂತ್ರವು ವಿಂಡೋಸ್ 10 ತಂತ್ರಾಂಶದಿಂದ ನಡೆಯುತ್ತಿತ್ತು. ಆ ತಂತ್ರಾಂಶಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು ಅದೇ ವರ್ಷದ ಅಕ್ಟೋಬರ್ 14ಕ್ಕೆ ಕೊನೆಗೊಂಡಿತ್ತು. ಮುಂದಿನ ಆವೃತ್ತಿಯನ್ನು ಹೊರುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಹೊಸದನ್ನು ತರಲೆಂದು ಮನೆಯ ಯಜಮಾನರು ತಮ್ಮ ನಿವೃತ್ತಿಯ ಹಣದಿಂದ 50,000 ರೂಪಾಯಿ ತೆಗೆದಿರಿಸಿದ್ದರು. ಅಂಗಡಿಗೆ ಹೋಗಿ ಸಿದ್ಧ ಯಂತ್ರವನ್ನು ತರುವುದು ಅವರ ಇಚ್ಛೆ. ಬಿಡಿಭಾಗಗಳನ್ನು ತಂದು ತನ್ನ ಕೈಯಾರೆ ಜೋಡಿಸುವುದು ಇಂಜಿನಿಯರಿಂಗ್ ಓದುತ್ತಿರುವ ಮಗಳ ಹಟ.

"ಗುರುಗಳೇ, ಇವಳು ಇಂಜಿನಿಯರ್ ಆಗಲಿ ಎಂದು ಓದಿಸುತ್ತಿದ್ದೇನೆ, ತಿರುಪು ಬಿಗಿಯುವ ಮೆಕ್ಯಾನಿಕ್ ಆಗಲಿ ಎಂದಲ್ಲ. ನೀವಾದರೂ ಹೇಳಿ" ಎಂದರು ಯಜಮಾನರು. ಮಗಳು ತಲೆ ತಗ್ಗಿಸಿದಳು. ಆ ಮಾತು ನಮ್ಮ ಮನಸ್ಸಿನಲ್ಲಿಯೂ ಮುಳ್ಳಿನಂತೆ ಉಳಿಯಿತು. ಅಂದು ಅವರೊಡನೆ ಆಡಿದ ಮಾತುಗಳು ಇತರ ಮನೆಗಳಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಗಣಕವೆಂಬುದು ಒಂದೇ ಎರಕದಲ್ಲಿ ಹೊಯ್ದ ವಸ್ತುವಲ್ಲ. ಲೆಕ್ಕ ಮಾಡುವ ಪ್ರೊಸೆಸರ್, ಎಲ್ಲವನ್ನೂ ಬೆಸೆಯುವ ಮದರ್‌ಬೋರ್ಡ್, ತಾತ್ಕಾಲಿಕ ನೆನಪಿನ ರ‍್ಯಾಮ್, ಕಡತಗಳನ್ನು ಕಾಯುವ ಡಿಸ್ಕ್, ವಿದ್ಯುತ್ತನ್ನು ಹದಗೊಳಿಸಿ ಹಂಚುವ ಎಸ್‌ಎಂಪಿಎಸ್, ಇವೆಲ್ಲವನ್ನೂ ಒಳಗೊಳ್ಳುವ ಪೆಟ್ಟಿಗೆ, ಹೀಗೆ ಬೇರೆ ಬೇರೆ ಅಂಗಗಳು ಕೂಡಿ ಆದುದು. 1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪಿಸಿಯನ್ನು ಬಹುಮಟ್ಟಿಗೆ ಮಾರುಕಟ್ಟೆಯಲ್ಲಿ ದೊರೆಯುವ ಬಿಡಿಭಾಗಗಳಿಂದಲೇ ರಚಿಸಿತು. ಆದುದರಿಂದ ಅನ್ಯರೂ ಅದರಂತಹ ಯಂತ್ರಗಳನ್ನು ಕಟ್ಟುವುದು ಸಾಧ್ಯವಾಯಿತು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆ ಇಂತಹ ಬಿಡಿಭಾಗಗಳ ಪೇಟೆಯೆಂದು ಹೆಸರಾಯಿತು. ಮೈಸೂರಿನ ತರುಣರು ಬೆಳಗಿನ ರೈಲು ಹಿಡಿದು ಹೋಗಿ, ಮದರ್‌ಬೋರ್ಡನ್ನು ಎಳೆಗೂಸಿನಂತೆ ಮಡಿಲಲ್ಲಿರಿಸಿಕೊಂಡು ಮರಳುತ್ತಿದ್ದ ಕಾಲವೊಂದಿತ್ತು.

ಸಿದ್ಧ ಯಂತ್ರದ ಗುಣಗಳನ್ನು ಅಲ್ಲಗಳೆಯಲಾಗದು. ಅದರ ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಕಾರ್ಖಾನೆಯಲ್ಲಿಯೇ ಪರೀಕ್ಷಿಸಿರುತ್ತಾರೆ. ಕೆಟ್ಟರೆ ಹೊಣೆ ಹೊರುವ ಸಂಸ್ಥೆ ಒಂದೇ. ಹಲವು ಯಂತ್ರಗಳೊಡನೆ ತಂತ್ರಾಂಶದ ಪರವಾನಗಿಯೂ ಕೂಡಿ ಬರುತ್ತದೆ. ಆದರೆ ಕೆಲವು ಸಿದ್ಧ ಯಂತ್ರಗಳ ಎಸ್‌ಎಂಪಿಎಸ್, ಮದರ್‌ಬೋರ್ಡುಗಳು ಆ ಸಂಸ್ಥೆಯದೇ ಅಳತೆಯವಾಗಿದ್ದು, ಕಾಲಾನಂತರ ಕೆಟ್ಟಾಗ ಪೇಟೆಯ ಭಾಗ ಅಲ್ಲಿ ಕೂರುವುದಿಲ್ಲ. ಕಟ್ಟಿದ ಯಂತ್ರದಲ್ಲಿ ಕೆಟ್ಟುದನ್ನಷ್ಟೇ ಬದಲಿಸಬಹುದು, ಬೇಕಾದುದನ್ನು ಮುಂದೆ ಸೇರಿಸಬಹುದು. ಆದರೆ ಅಲ್ಲಿ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ವಾರಂಟಿ. ದೋಷ ಯಾವುದರದೆಂದು ಕಂಡುಹಿಡಿಯುವ ಹೊಣೆ ಕಟ್ಟಿದವರದು. ಬೆಲೆಯ ಅಂತರವಂತೂ ಇಂದು ಒಂದೇ ಪರಿಯಾಗಿಲ್ಲ. ಸಾಧಾರಣ ಬಳಕೆಗೆ ಸಿದ್ಧ ಯಂತ್ರವೇ ಅಗ್ಗವಾಗುವುದೂ ಉಂಟು. ಆದುದರಿಂದ ಬೆಲೆಯೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು. ಅದರ ಬದಲು ನಾವು ಆ ಮನೆಯವರಿಗೆ ಮೂರು ಪ್ರಶ್ನೆಗಳನ್ನು ಕೇಳಿದೆವು.

ಮೊದಲನೆಯದು, ಎಷ್ಟು ಬೇಕು? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿ ಕಳುಹಿದ ಪ್ರಸಂಗ ನಿಮಗೆ ಗೊತ್ತಿದೆ. ಕೊಳ್ಳುವ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಲಕ್ಕಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಮಗಳ ಪಟ್ಟಿಯಲ್ಲಿ ಆಟಗಳಿಗೆ ಬೇಕಾಗುವ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇತ್ತು. ಓದಿಗೆ ಅದು ಬೇಕೇ ಎಂದೆವು. ಆಕೆ ಕ್ಷಣಕಾಲ ಯೋಚಿಸಿ, ಪ್ರೊಸೆಸರಿನೊಳಗೇ ಇರುವ ಚಿತ್ರಸಾಮರ್ಥ್ಯ ಸಾಕೆಂದು ಹೇಳಿ ಅದನ್ನು ತಾನೇ ಹೊಡೆದುಹಾಕಿದಳು. ಉಳಿದ ಹಣದಲ್ಲಿ ವಿದ್ಯುತ್ತು ಹೋದಾಗ ಯಂತ್ರವನ್ನು ಕಾಯುವ ಯುಪಿಎಸ್ ತರುವುದೆಂದಾಯಿತು.

ಎರಡನೆಯದು, ಹೊಣೆ ಯಾರದು? ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅನ್ಯರ ಮುದ್ರಣಾಲಯದಿಂದ ಹೊರಬಂದಿತು. ಬಳಿಕ ಅವರು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿ, ಅದರ ಕಷ್ಟನಷ್ಟಗಳನ್ನೂ ತಾವೇ ಹೊತ್ತರು. ಸ್ವಂತ ಸಾಧನವೆಂದರೆ ಅದರ ಕಷ್ಟವೂ ಸ್ವಂತವೇ. ಯಂತ್ರ ಮೌನವಾದ ದಿನ ಅದನ್ನು ಬಿಚ್ಚಿ ನೋಡುವ ತಾಳ್ಮೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಕಟ್ಟಬಹುದು, ಇಲ್ಲವಾದರೆ ಕೊಳ್ಳುವುದೇ ವಿವೇಕ.

ಮೂರನೆಯದು, ಒಳಗಿರುವುದು ನಮ್ಮದೇ? ಇಲ್ಲಿ ನಮ್ಮದೇ ತಪ್ಪೊಂದನ್ನು ನಿವೇದಿಸಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪರಿಚಿತರೊಬ್ಬರು ನಮಗೆ ಜೋಡಿಸಿದ ಗಣಕವೊಂದನ್ನು ಕೊಡಿಸಿದರು. ಅಗ್ಗವಾಗಿ ಬಂತೆಂದು ಹಿಗ್ಗಿದೆವು. ಅದರಲ್ಲಿ ತುಂಬಿದ್ದ ತಂತ್ರಾಂಶ ಕಳ್ಳಪ್ರತಿಯೆಂಬ ಅನುಮಾನವಿದ್ದರೂ ಕೇಳದೆ ಸುಮ್ಮನಾದೆವು. ಆ ಕಳ್ಳಪ್ರತಿಗೆ ರಕ್ಷಣೆಯ ಪರಿಷ್ಕರಣೆಗಳು ಬರುತ್ತಿರಲಿಲ್ಲ. ಒಂದು ದಿನ ವೈರಸ್ ಹೊಕ್ಕು, ವಚನಗಳ ಪಾರಿಭಾಷಿಕ ಪದಗಳಿಗೆ ನಾವು ಮೂರು ವರ್ಷ ಕುಳಿತು ಸಿದ್ಧಪಡಿಸಿದ್ದ ಅಕಾರಾದಿಯು ಅಳಿದುಹೋಯಿತು. ಬೇರೆ ಪ್ರತಿಯನ್ನೂ ಇರಿಸಿರಲಿಲ್ಲ. ಅಂದು ಯಂತ್ರವನ್ನು ಬೈದೆವು. ಬೈಯಬೇಕಾದುದು ನಮ್ಮನ್ನೇ ಆಗಿತ್ತು. ದುಡಿಯದ ಅನ್ನವನ್ನು ಒಲ್ಲದ ಶರಣರ ಮಾತುಗಳನ್ನು ಕದ್ದ ಸಾಧನದಲ್ಲಿ ಜೋಡಿಸಹೊರಟಿದ್ದೆವು. ಹಣ ತೆತ್ತು ಪರವಾನಗಿ ಪಡೆಯಿರಿ. ಇಲ್ಲವೇ 1991ರಲ್ಲಿ ಆರಂಭವಾಗಿ, ಜಗತ್ತಿನ ಅಸಂಖ್ಯಾತರು ಬೆಳೆಸಿ ಎಲ್ಲರಿಗೂ ಮುಕ್ತವಾಗಿ ಒಪ್ಪಿಸಿರುವ ಲಿನಕ್ಸ್ ಬಳಸಿರಿ. ಅದನ್ನು ನಾವು ಜ್ಞಾನದಾಸೋಹವೆಂದೇ ಭಾವಿಸುತ್ತೇವೆ. ಕನ್ನಡವನ್ನು ಯುನಿಕೋಡಿನಲ್ಲಿಯೇ ಬರೆದು, ಎರಡು ಕಡೆ ಪ್ರತಿ ಇರಿಸಿರಿ.

ಇನ್ನು ತಿರುಪು ಬಿಗಿಯುವ ಮಾತು. ಮಠದ ಪಾಠಶಾಲೆಯಲ್ಲಿ ನಾವು ವ್ಯಾಕರಣ ಕಲಿತ ದಿನಗಳಲ್ಲಿಯೇ ಬಾವಿಯಿಂದ ನೀರು ಸೇದಿದ್ದೇವೆ, ಅಂಗಳ ಗುಡಿಸಿದ್ದೇವೆ, ನೂರಾರು ಜನರ ದಾಸೋಹಕ್ಕೆ ತರಕಾರಿ ಹೆಚ್ಚಿದ್ದೇವೆ. ಅದರಿಂದ ನಮ್ಮ ವಿದ್ಯೆಗೆ ಕುಂದೇನೂ ಆಗಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಾಯಕದ ಹೆಸರನ್ನು ಹಣೆಯ ವಿಭೂತಿಯಂತೆ ಧರಿಸಿದವರ ಪರಂಪರೆ ನಮ್ಮದು. ಅನುಭವ ಮಂಟಪದ ಚಿತ್ರವನ್ನು ಗೋಡೆಯ ಮೇಲೆ ತೂಗುಹಾಕಿ, ಅದರ ಕೆಳಗೆ ಕುಳಿತ ಮಗಳ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡರೆ ಆ ಚಿತ್ರಕ್ಕೆ ಅರ್ಥವೆಲ್ಲಿ? ಯಜಮಾನರಿಗೆ ಇದನ್ನೇ ಹೇಳಿದೆವು. ಅವರು ಬಹಳ ಹೊತ್ತು ಮೌನವಾಗಿದ್ದು, "ಆಗಲಿ" ಎಂದರು.

ಎರಡು ವಾರಗಳ ಬಳಿಕ ಅವರಿಂದ ದೂರವಾಣಿ ಬಂದಿತು. ಮಗಳು ಊಟದ ಮೇಜಿನ ಮೇಲೆ ಭಾಗಗಳನ್ನು ಹರಡಿಕೊಂಡು, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಬಿಡಿಭಾಗಗಳಿಗೆ ತಾಗದಿರಲೆಂದು ಆಗಾಗ ಪೆಟ್ಟಿಗೆಯ ಲೋಹವನ್ನು ಮುಟ್ಟುತ್ತ, ಭಾನುವಾರವೆಲ್ಲ ಜೋಡಿಸಿದಳಂತೆ. ಗುಂಡಿ ಒತ್ತಿದಾಗ ಪಂಖ ತಿರುಗಿತು, ತೆರೆ ಮಾತ್ರ ಬೆಳಗಲಿಲ್ಲ. ತಂದೆ ಯಾರನ್ನಾದರೂ ಕರೆಸೋಣವೆಂದರು. "ಸ್ವಲ್ಪ ತಾಳಿ ಅಪ್ಪಾಜಿ" ಎಂದು ಆಕೆ ಕೈಪಿಡಿಯನ್ನು ಮೊದಲಿನಿಂದ ಓದಿದಳು. ಪ್ರೊಸೆಸರಿಗೆ ವಿದ್ಯುತ್ತು ಕೊಡುವ ತಂತಿಯನ್ನೇ ಸಿಕ್ಕಿಸಿರಲಿಲ್ಲ. ಮೂಲೆಯ ಆ ಕಿಂಡಿ ಕತ್ತಲಲ್ಲಿ ಕಾಣದಾದಾಗ ಟಾರ್ಚು ಹಿಡಿದು ನಿಂತವರು ತಂದೆಯೇ. "ಒಂದು ಗಂಟೆ ಬೆಳಕು ಹಿಡಿದು ನಿಂತಿದ್ದೆ ಗುರುಗಳೇ" ಎಂದು ಹೇಳುವಾಗ ಅವರ ದನಿಯಲ್ಲಿ ದಣಿವಿರಲಿಲ್ಲ.

ಮಕ್ಕಳು ದೂರದೇಶಗಳಲ್ಲಿದ್ದು ವೃದ್ಧ ದಂಪತಿಗಳಷ್ಟೇ ಇರುವ ಮನೆಗಳು ಜಯಲಕ್ಷ್ಮಿಪುರಂನಲ್ಲಿ ಅನೇಕವಿವೆ. ಅಂತಹವರು ನಿಸ್ಸಂಕೋಚವಾಗಿ ಸಿದ್ಧ ಯಂತ್ರವನ್ನೇ ತರಲಿ. ಬಿಲ್ಲನ್ನೂ ವಾರಂಟಿಯ ಕಾಗದವನ್ನೂ ಜೋಪಾನವಾಗಿಡಲಿ. ಕಲಿಯುವ ಮಕ್ಕಳಿರುವ ಮನೆಯಲ್ಲಿ ಮಾತ್ರ, ಕಟ್ಟುತ್ತೇನೆಂದು ಮಗುವೇ ಮುಂದೆ ಬಂದರೆ, ಬೇಡವೆನ್ನುವ ಮುನ್ನ ಹಿರಿಯರು ಒಮ್ಮೆ ಯೋಚಿಸಲಿ. ಅದರಲ್ಲಿ ಒಂದೆರಡು ದಿನ ತಡವಾದರೂ ನಷ್ಟವಿಲ್ಲ.