ಒಂದೇ ಸೂಜಿ, ಹತ್ತಾರು ಬೆಲೆ
ಮಂಡಿನೋವಿಗೆ ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವೇ ನಿಮಿಷಗಳ ಕೆಲಸ. ಅಮೆರಿಕದ ಬಿಲ್ಲುಗಳಲ್ಲಿ ಅದರ ಸಂಕೇತ 20610. ಭುಜ, ಸೊಂಟ, ಮಂಡಿ ಮೂರಕ್ಕೂ ಅದೇ. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚಿದರೆ 20611. ಸಂಕೇತ ಒಂದೇ ಆದಮೇಲೆ ಬೆಲೆ ಹೋಲಿಸುವುದೇನು ಮಹಾ ಎಂದುಕೊಂಡವರು ದರಪಟ್ಟಿ ತೆರೆದೊಡನೆ ತಲೆ ಕೆರೆದುಕೊಳ್ಳುತ್ತಾರೆ. 2021ರ ಜನವರಿ 1ರಿಂದ ಅಲ್ಲಿನ ಆಸ್ಪತ್ರೆಗಳು ಪಟ್ಟಿಯ ದರ, ನಗದು ಕೊಡುವವರ ದರ, ಒಂದೊಂದು ವಿಮಾ ಕಂಪನಿಯೊಡನೆ ಕುದುರಿಸಿಕೊಂಡ ದರ ಎಲ್ಲವನ್ನೂ ಬಹಿರಂಗಪಡಿಸಲೇಬೇಕು. ಹಾಗಾಗಿ ಒಂದೇ ಆಸ್ಪತ್ರೆಯಲ್ಲಿ ಒಂದೇ ಸೂಜಿಗೆ ಹತ್ತಾರು ಬೆಲೆ ಇರಬಹುದು. ಅದರಲ್ಲಿ ಔಷಧಿಯ ದುಡ್ಡೂ ಸೇರಿಲ್ಲ! ಟ್ರಯಾಮ್ಸಿನೊಲೋನ್ ಎನ್ನುವ ಸ್ಟಿರಾಯ್ಡ್‌ಗೆ ಜೆ3301 ಎಂಬ ಪ್ರತ್ಯೇಕ ಸಾಲು, ಅದೂ 10 ಮಿಲಿಗ್ರಾಂ ಲೆಕ್ಕದಲ್ಲಿ. 40 ಮಿಲಿಗ್ರಾಂ ಕೊಟ್ಟರೆ ನಾಲ್ಕರಿಂದ ಗುಣಿಸಬೇಕು. ವೈದ್ಯರ ಶುಲ್ಕ ಒಂದಾದರೆ, ಆಸ್ಪತ್ರೆ ತನ್ನ ಕಟ್ಟಡ-ಸಿಬ್ಬಂದಿಗೆಂದು ಹಾಕುವ ಶುಲ್ಕ ಇನ್ನೊಂದು. ಸ್ವತಂತ್ರ ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಈ ಎರಡನೆಯದು ಇರುವುದಿಲ್ಲ. ಆಸ್ಪತ್ರೆಗೂ ಕ್ಲಿನಿಕ್ಕಿಗೂ ಇರುವ ಬೆಲೆ ವ್ಯತ್ಯಾಸದ ಗುಟ್ಟು ಬಹುಪಾಲು ಅಲ್ಲೇ ಇದೆ. ದರ ಮುಚ್ಚಿಟ್ಟವರಿಗೆ ಮೊದಲು ದಿನಕ್ಕೆ ಗರಿಷ್ಠ 300 ಡಾಲರ್ ದಂಡವಿತ್ತು, ದೊಡ್ಡ ಆಸ್ಪತ್ರೆಗೆ ಅದು ಕಾಫಿ ಖರ್ಚು. 2022ರಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಅದನ್ನು 5,500ರವರೆಗೆ ಏರಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಜಾರ್ಜಿಯಾದ ಎರಡು ಆಸ್ಪತ್ರೆಗಳಿಗೆ ಮೊದಲ ದಂಡ ಬಿತ್ತು. ಒಂದಕ್ಕೆ 8,83,180 ಡಾಲರ್. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ-ಅಮ್ಮನ ಮಂಡಿಗೆ ಸೂಜಿ ಹಾಕಿಸುವ ಮುನ್ನ ಸಂಕೇತ ಹೇಳಿ, ಚುಚ್ಚುವ ಶುಲ್ಕ, ಔಷಧಿ, ಆಸ್ಪತ್ರೆಯ ಶುಲ್ಕ ಮೂರನ್ನೂ ಬಿಡಿಬಿಡಿಯಾಗಿ ಬರಹದಲ್ಲಿ ಕೇಳಿ ಪಡೆಯಲಿ.